ಮಗುವಿಗೊಂದು ಮೂಲೆ, ಮನೆಗೊಂದು ಕಟ್ಟಳೆ

2011ರ ಜನಗಣತಿಯ ಪ್ರಕಾರ ಭಾರತದ ಶೇ 37ರಷ್ಟು ಕುಟುಂಬಗಳು ಒಂದೇ ಕೋಣೆಯ ಮನೆಗಳಲ್ಲಿಯೂ ಸುಮಾರು ಶೇ 32ರಷ್ಟು ಕುಟುಂಬಗಳು ಎರಡು ಕೋಣೆಗಳ ಮನೆಗಳಲ್ಲಿಯೂ ವಾಸವಾಗಿದ್ದವು. ಅಡುಗೆ, ಊಟ, ನಿದ್ದೆ, ನೆಂಟರಿಷ್ಟರ ಉಪಚಾರ, ಟಿವಿ ನೋಡುವುದು ಎಲ್ಲವೂ ಅಷ್ಟೇ ಜಾಗದಲ್ಲಿ ನಡೆಯಬೇಕಾದ ಇಂಥ ಮನೆಗಳಲ್ಲಿ ಮಗುವಿನ ಓದು ಬರಹಕ್ಕೆ ಸಿಗುವುದು ಬೇರೆ ಕೆಲಸಗಳು ಮುಗಿದ ಮೇಲೆ ಉಳಿಯುವ ಜಾಗ ಮತ್ತು ಬೇರೆಯವರು ಬಿಟ್ಟುಕೊಟ್ಟ ಹೊತ್ತು ಮಾತ್ರ. ಇನ್ನೊಂದು ಕಡೆ, ಪೀಠೋಪಕರಣಗಳ ಅಂಗಡಿಗಳೂ ಜಾಹೀರಾತುಗಳೂ ಮಕ್ಕಳ ಓದಿನ ಕೋಣೆ ಎಂದು ತೋರಿಸುವುದು ಬಣ್ಣದ ಮೇಜು, ತಿರುಗುವ ಕುರ್ಚಿ, ಗೋಡೆ ತುಂಬ ಚಿತ್ರಪಟಗಳಿರುವ ಪ್ರತ್ಯೇಕ ಕೊಠಡಿಯನ್ನು. ಇದರಿಂದಾಗಿ ಹಣವುಳ್ಳವರಲ್ಲಿ ಸಾಮಾನು ಕೊಂಡರೆ ಕೆಲಸ ಮುಗಿಯಿತೆಂಬ ಭಾವನೆಯೂ, ಹಣವಿಲ್ಲದವರಲ್ಲಿ ಇದು ತಮ್ಮ ಕೈಗೆ ಎಟುಕುವ ಮಾತಲ್ಲವೆಂಬ ಭಾವನೆಯೂ ಬೇರೂರಿವೆ.

ಈ ಎರಡು ಭಾವನೆಗಳೂ ತಪ್ಪು. ಮನೆಯಲ್ಲಿ ಕಲಿಕೆಯ ಜಾಗವನ್ನು ರೂಪಿಸುವ ಸಂಗತಿಗಳು ಐದು: ಸರಿಯಾದ ಬೆಳಕು, ಮೈಗೆ ಒಗ್ಗುವ ಆಸನ, ಮಗುವಿನ ಕೈಗೆ ಎಟುಕುವ ಸಾಮಗ್ರಿ, ಗದ್ದಲವಿಲ್ಲದ ನಿಗದಿತ ಹೊತ್ತು ಮತ್ತು ಹಿರಿಯರ ಗಮನ. ಇವುಗಳಲ್ಲಿ ಮೊದಲ ಮೂರಕ್ಕೆ ಅಲ್ಪ ಖರ್ಚು ಸಾಕು, ಕೊನೆಯ ಎರಡಕ್ಕೆ ಖರ್ಚೇ ಇಲ್ಲ. ಆದರೆ ಆ ಕೊನೆಯ ಎರಡನ್ನು ಮನೆಯವರೆಲ್ಲ ಕೂಡಿ ನಿರ್ಧರಿಸಿ ದಿನವೂ ಪಾಲಿಸಬೇಕಾಗುತ್ತದೆಯಾದ್ದರಿಂದ ಅವು ಮೇಜು ಕುರ್ಚಿಗಿಂತ ದುರ್ಲಭವಾಗಿವೆ.

ಅಗ್ಗದ ಸಾಧನ, ಗಟ್ಟಿಯಾದ ಕಲಿಕೆ

ಕಡಿಮೆ ಖರ್ಚಿನಲ್ಲಿ ಕಲಿಸುವ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸ್ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಆ ಜಿಲ್ಲೆಯೊಳಗೆ 533 ದೇಶೀ ಶಾಲೆಗಳೂ ಅವುಗಳಲ್ಲಿ 6,641 ವಿದ್ಯಾರ್ಥಿಗಳೂ ಇದ್ದುದನ್ನು ದಾಖಲಿಸಿ, ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ, ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳಿಕೊಡುವುದನ್ನೂ ವಿವರಿಸಿದರು. ಇಷ್ಟು ಮಿತವ್ಯಯದಲ್ಲಿ ಬರವಣಿಗೆ ಕಲಿಸುವ ಈ ಪದ್ಧತಿ ಇಂಗ್ಲೆಂಡಿನಲ್ಲಿ ಅನುಕರಣೆಗೆ ಪಾತ್ರವಾದದ್ದು ಯೋಗ್ಯವೇ ಆಗಿದೆ ಎಂಬ ಅಭಿಪ್ರಾಯವನ್ನೂ ಅವರು ವ್ಯಕ್ತಪಡಿಸಿದರು. ಇದಕ್ಕೂ ಮುಂಚೆ, 18ನೆಯ ಶತಮಾನದ ಕೊನೆಯಲ್ಲಿ, ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್ ಇಂಥದೇ ಶಾಲೆಗಳಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತಮ್ಮ ಬೋಧನೆಗೆ ಅಳವಡಿಸಿಕೊಂಡು, ಮುಂದೆ ಬ್ರಿಟನ್ನಿನಲ್ಲಿ ಪ್ರಚುರಪಡಿಸಿದ್ದರು.

ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಬರೆದು ಒರೆಸಿ ಮತ್ತೆ ಬರೆಯುವ ರೂಢಿಯೂ ಇದೇ ಪರಂಪರೆಗೆ ಸೇರಿದ್ದು. ತಪ್ಪಿದರೆ ಅಳಿಸಿ ಮತ್ತೆ ತಿದ್ದಬಹುದೆಂಬ ಧೈರ್ಯ ಕಲಿಕೆಯ ಆರಂಭದಲ್ಲಿ ಮಗುವಿಗೆ ಅತ್ಯಗತ್ಯ. ಮರಳು, ಕಡತ, ಸ್ಲೇಟು ಈ ಮೂರೂ ಆ ಧೈರ್ಯವನ್ನು ಕೊಡುತ್ತಿದ್ದವು. ಹಾಗೆಂದು ಹಳೆಯ ವ್ಯವಸ್ಥೆಯನ್ನು ಕುರುಡಾಗಿ ಹೊಗಳಬೇಕಾಗಿಲ್ಲ: ಜನರ ಬಡತನ ಹೆಚ್ಚುತ್ತಿದ್ದಂತೆ ಆ ಶಾಲೆಗಳು ಕ್ಷೀಣಿಸುತ್ತಿರುವುದನ್ನು ಕ್ಯಾಂಪ್‌ಬೆಲ್ ಅವರೇ ಬರೆದಿದ್ದಾರೆ, ಹೆಣ್ಣುಮಕ್ಕಳು ಅವುಗಳಲ್ಲಿ ಇರಲಿಲ್ಲವೆನ್ನುವಷ್ಟು ವಿರಳವಾಗಿದ್ದರು. ಆದರೂ ಸಾಧನ ಅಗ್ಗವಾದ ಮಾತ್ರಕ್ಕೆ ಕಲಿಕೆ ಕೀಳಾಗುವುದಿಲ್ಲವೆಂಬ ಮಾತಿಗೆ ಆ ವರದಿ ಇಂದಿಗೂ ಗಟ್ಟಿಯಾದ ಸಾಕ್ಷಿ. ತಟ್ಟೆಯೊಂದರಲ್ಲಿ ಜರಡಿ ಹಿಡಿದ ಮರಳನ್ನೋ ರವೆಯನ್ನೋ ಹರಡಿಟ್ಟರೆ ಮೂರು ನಾಲ್ಕು ವರ್ಷದ ಮಗುವಿನ ಮೊದಲ ಬರವಣಿಗೆಯ ಹಲಗೆ ಈಗಲೂ ಸಿದ್ಧವಾಗುತ್ತದೆ.

ಬೆಳಕಿನ ಲೆಕ್ಕ

ಕಲಿಕೆಯ ಮೂಲೆಗಾಗಿ ಜಾಗ ಹುಡುಕುವಾಗ ಮೊದಲು ನೋಡಬೇಕಾದದ್ದು ಹಗಲು ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು. ಕಿಟಕಿಯ ಪಕ್ಕದ ಎರಡು ಮೂರು ಅಡಿ ಜಾಗ ಸಿಕ್ಕರೆ ಸಾಕು. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದಲೂ, ಎಡಗೈಯಲ್ಲಿ ಬರೆಯುವ ಮಗುವಿಗೆ ಬಲಗಡೆಯಿಂದಲೂ ಬರುವಂತೆ ಕೂರಿಸಿದರೆ ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಕಿಟಕಿಗೆ ಬೆನ್ನು ಮಾಡಿ ಕೂತರೆ ಮಗುವಿನ ನೆರಳೇ ಪುಸ್ತಕವನ್ನು ಮುಚ್ಚುತ್ತದೆ, ಕಿಟಕಿಗೆ ನೇರ ಮುಖ ಮಾಡಿ ಕೂತರೆ ಕಣ್ಣು ಕುಕ್ಕುತ್ತದೆ.

ಸಂಜೆಯ ಬೆಳಕಿನ ವಿಷಯದಲ್ಲಿ ಬಹುತೇಕ ಮನೆಗಳು ಎಡವುತ್ತವೆ. ದೀಪವು ಹೊರಸೂಸುವ ಒಟ್ಟು ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದಲೂ, ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದಲೂ ಅಳೆಯುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬೆಳಕು ಸಮನಾಗಿ ಹರಡಿದರೆ ಅದು ಒಂದು ಲಕ್ಸ್. ಓದು ಬರಹಕ್ಕೆ ಪುಟದ ಮೇಲೆ ಸುಮಾರು 300 ಲಕ್ಸ್ ಬೆಳಕಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಟ್ಟ. 9 ವಾಟ್‌ನ ಸಾಧಾರಣ ಎಲ್‌ಇಡಿ ಬಲ್ಬು 800ರಿಂದ 900 ಲ್ಯೂಮೆನ್ ಬೆಳಕು ಕೊಡುತ್ತದಾದರೂ, ಅದು ಸೂರಿನ ಹತ್ತಿರವಿದ್ದು ಮಗು ನೆಲದ ಮೇಲೆ ಕೂತಿದ್ದರೆ ಪುಟವನ್ನು ತಲುಪುವುದು ಅದರ ಅಲ್ಪ ಭಾಗ ಮಾತ್ರ. ಏಕೆಂದರೆ ದೀಪದಿಂದ ನೇರವಾಗಿ ಬೀಳುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದೇ ನಿಯಮವನ್ನು ಮನೆಯವರು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು: ಪುಸ್ತಕದಿಂದ 240 ಸೆಂಟಿಮೀಟರ್ ಎತ್ತರದಲ್ಲಿದ್ದ ಬಲ್ಬನ್ನು 60 ಸೆಂಟಿಮೀಟರ್ ಎತ್ತರಕ್ಕೆ ತಂದರೆ ನೇರ ಬೆಳಕು 16 ಪಟ್ಟಾಗುತ್ತದೆ. ಹೀಗಾಗಿ ಕೋಣೆಗೆ ದೊಡ್ಡ ಟ್ಯೂಬ್‌ಲೈಟ್ ಹಾಕಿಸುವುದಕ್ಕಿಂತ ಒಂದು ಹೋಲ್ಡರ್, ಕಣ್ಣಿಗೆ ಬಲ್ಬು ನೇರವಾಗಿ ಕಾಣದಂತೆ ತಡೆಯುವ ಒಂದು ಮರೆ, ಗೋಡೆಗೆ ಭದ್ರವಾಗಿ ಹೊಡೆದ ಒಂದು ಕ್ಲಿಪ್ ಇಷ್ಟರಿಂದ ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಕೋಣೆಯ ಉಳಿದ ಭಾಗ ಪೂರ್ತಿ ಕತ್ತಲೆಯಲ್ಲಿರದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಬೆಳಕು ಕತ್ತಲೆಗಳ ನಡುವೆ ಹೊಂದಿಕೊಳ್ಳುತ್ತಾ ಕಣ್ಣು ದಣಿಯುತ್ತದೆ. 9 ವಾಟ್‌ನ ಬಲ್ಬನ್ನು ದಿನಕ್ಕೆ ಮೂರು ಗಂಟೆ ಉರಿಸಿದರೂ ತಿಂಗಳಿಗೆ ಒಂದು ಯೂನಿಟ್ ವಿದ್ಯುತ್ತೂ ಖರ್ಚಾಗುವುದಿಲ್ಲ.

ವಿದ್ಯುತ್ ಕೈಕೊಡುವ ಮಲೆನಾಡಿನ ಮಳೆಗಾಲಕ್ಕೂ, ವಿದ್ಯುತ್ತೇ ತಲುಪದ ಹಾಡಿ ತಾಂಡಾಗಳಿಗೂ ಬೇರೆ ದಾರಿ ಬೇಕಾಗುತ್ತದೆ. ಬೆಂಗಳೂರು ಮೂಲದ ಸೆಲ್ಕೋ ಸಂಸ್ಥೆ ರಾಜ್ಯದ ಹಲವು ಶಾಲೆಗಳಲ್ಲಿ ಅನುಸರಿಸಿದ ಕ್ರಮ ಇಲ್ಲಿ ಗಮನಾರ್ಹ: ಸೌರಫಲಕವನ್ನು ಶಾಲೆಯ ಮೇಲೆ ಅಳವಡಿಸಿ, ಮಕ್ಕಳು ದೀಪದ ಪುಟ್ಟ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜ್ ಮಾಡಿಕೊಂಡು ಸಂಜೆ ಮನೆಗೆ ಒಯ್ಯುವ ವ್ಯವಸ್ಥೆ ಅದು. ಶಾಲೆಗೆ ಬಂದರಷ್ಟೇ ಮನೆಯಲ್ಲಿ ಬೆಳಕು ಎಂಬ ಈ ಏರ್ಪಾಟಿನಲ್ಲಿ ಹಾಜರಿಯೂ ಮನೆಯ ಓದೂ ಒಂದಕ್ಕೊಂದು ಆಸರೆಯಾಗುತ್ತವೆ.

ಮಣೆ, ಡೆಸ್ಕು, ವ್ಯಾಸಪೀಠ

ಮೇಜು ಕುರ್ಚಿ ಇಲ್ಲದೆ ಓದಲಾಗದು ಎಂಬ ನಂಬಿಕೆ ಇತ್ತೀಚಿನದು. ಶಾನುಭೋಗರು ಲೆಕ್ಕ ಬರೆಯುತ್ತಿದ್ದುದು ನೆಲದ ಮೇಲೆ ಕೂತು, ಮುಂದೆ ಇಳಿಜಾರಿನ ಮರದ ಡೆಸ್ಕನ್ನು ಇಟ್ಟುಕೊಂಡು. ಕಾವ್ಯವಾಚನ ನಡೆಯುತ್ತಿದ್ದುದು ಮಡಚುವ ವ್ಯಾಸಪೀಠದ ಮೇಲೆ ಗ್ರಂಥವನ್ನು ಏರಿಸಿಟ್ಟು. ಈ ಎರಡೂ ಸಾಧನಗಳಲ್ಲಿ ಅಡಗಿರುವ ತಿಳಿವಳಿಕೆ ಒಂದೇ: ಪುಟವು ಸಪಾಟಾಗಿ ಮಲಗಿದ್ದರೆ ಓದುವವರು ಕತ್ತು ಬಗ್ಗಿಸಬೇಕು, ಪುಟವೇ ಓದುವವರ ಕಡೆಗೆ ತುಸು ಎದ್ದಿದ್ದರೆ ಕತ್ತೂ ಬೆನ್ನೂ ನೆಟ್ಟಗೆ ಉಳಿಯುತ್ತವೆ. ಚಾಪೆಯ ಮೇಲೆ ಪುಸ್ತಕ ಹರಡಿ ಬೋರಲಾಗಿ ಮಲಗಿ ಬರೆಯುವ ಮಗು ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡುವುದಕ್ಕೆ ಸೋಮಾರಿತನಕ್ಕಿಂತ ಹೆಗಲು ಕತ್ತುಗಳ ನೋವೇ ಎಷ್ಟೋ ಸಲ ಕಾರಣ.

ಇಂಥ ಡೆಸ್ಕನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸುಮಾರು 45 ಸೆಂಟಿಮೀಟರ್ ಅಗಲದ ಪ್ಲೈವುಡ್ ಹಲಗೆಯೊಂದರ ಹಿಂದಿನ ಅಂಚಿನ ಕೆಳಗೆ, ಮುಂದಿನ ಅಂಚಿಗಿಂತ 12 ಸೆಂಟಿಮೀಟರ್ ಎತ್ತರ ಬರುವಂತೆ ಮರದ ಪಟ್ಟಿಯನ್ನು ಬಡಿದರೆ 15 ಡಿಗ್ರಿಯಷ್ಟು ಇಳಿಜಾರು ಸಿಗುತ್ತದೆ. ಮುಂದಿನ ಅಂಚಿಗೆ ತೆಳುವಾದ ರೀಪು ಹೊಡೆದರೆ ಪೆನ್ಸಿಲ್ಲೂ ಪುಸ್ತಕವೂ ಜಾರುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂತ ಮಗುವಿನ ತೊಡೆಗೆ ತಾಗದಷ್ಟು, ಭುಜ ಸಡಿಲಬಿಟ್ಟಾಗ ಮೊಣಕೈ ಮಟ್ಟಕ್ಕೆ ಬರುವಷ್ಟು ಎತ್ತರ ಈ ಹಲಗೆಗೆ ಇರಬೇಕು. ಮಗು ಮಣೆಯ ಮೇಲೋ ಮಡಿಸಿದ ಜಮಖಾನೆಯ ಮೇಲೋ ಕೂತರೆ ಸೊಂಟ ಮಂಡಿಗಿಂತ ತುಸು ಮೇಲಕ್ಕೆ ಏರಿ ಬೆನ್ನು ಗೂನಾಗುವುದು ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿಟ್ಟರೆ ರಾತ್ರಿ ಹಾಸಿಗೆ ಹಾಸಲು ಜಾಗ ಬಿಡುಗಡೆಯಾಗುವುದರಿಂದ ಒಂದೇ ಕೋಣೆಯ ಮನೆಗೆ ಇದಕ್ಕಿಂತ ಸೂಕ್ತವಾದ ಪೀಠೋಪಕರಣ ಇಲ್ಲ.

ಕುರ್ಚಿ ಮೇಜು ಈಗಾಗಲೇ ಇರುವ ಮನೆಗಳಲ್ಲಿ ಅವು ದೊಡ್ಡವರ ಅಳತೆಯವು ಎಂಬುದನ್ನು ಮರೆಯಬಾರದು. ಪಾದಗಳು ನೇತಾಡುತ್ತಿದ್ದರೆ ತೊಡೆಯ ಹಿಂಭಾಗ ಒತ್ತಿ ಜೋಮು ಹಿಡಿಯುತ್ತದೆಯಾದ್ದರಿಂದ ಪಾದದಡಿಗೆ ಮಣೆ ಅಥವಾ ಹಳೆಯ ಪೆಟ್ಟಿಗೆ ಇಡಬೇಕು. ಮೇಜು ಎದೆಮಟ್ಟಕ್ಕೆ ಬರುತ್ತಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಮಗುವನ್ನು ಏರಿಸಬೇಕು. ಮಗು ಬೆಳೆಯುತ್ತಲೇ ಇರುವುದರಿಂದ ಈ ಹೊಂದಾಣಿಕೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವುದು ಒಳ್ಳೆಯದು.

ಎಟುಕಿದರೆ ತನ್ನದು

1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ ಮಾರಿಯಾ ಮಾಂಟೆಸ್ಸರಿ ಆರಂಭಿಸಿದ ಮಕ್ಕಳ ಮನೆಯ ವಿಶೇಷವೆಂದರೆ ಅಲ್ಲಿ ಬಡ ಮಕ್ಕಳ ಅಳತೆಗೆ ತಕ್ಕ ಸಾಮಾನುಗಳು ಬಂದದ್ದು. ಆರಂಭದಲ್ಲಿ ಸಾಮಗ್ರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಂದು ದಿನ ಬೀಗ ಹಾಕಲು ಶಿಕ್ಷಕಿ ಮರೆತಾಗ ಮಕ್ಕಳು ತಾವೇ ಬೇಕಾದುದನ್ನು ಆರಿಸಿಕೊಂಡು ಕೆಲಸದಲ್ಲಿ ತೊಡಗಿದ್ದನ್ನು ಕಂಡ ಮಾಂಟೆಸ್ಸರಿ, ಮಗುವಿಗೆ ಆಯ್ಕೆಯ ಸಾಮರ್ಥ್ಯವಿದೆಯೆಂದು ಗ್ರಹಿಸಿ ತಗ್ಗಿನ ತೆರೆದ ಕಪಾಟುಗಳನ್ನು ಬಳಕೆಗೆ ತಂದರು. ಅವರು 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದು, ಎರಡನೆಯ ಮಹಾಯುದ್ಧದ ಕಾಲವನ್ನು ಭಾರತದಲ್ಲೇ ಕಳೆದು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟದ್ದರಿಂದ ಈ ವಿಚಾರ ದಕ್ಷಿಣ ಭಾರತದಲ್ಲಿ ಬೇಗ ಹರಡಿತು.

ಕರ್ನಾಟಕದಲ್ಲಿ ಇದೇ ತತ್ವ ಸರ್ಕಾರಿ ಶಾಲೆಯೊಳಗೆ ಇನ್ನೊಂದು ದಾರಿಯಿಂದ ಬಂದಿತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು ಶಿಕ್ಷಕರು ರೂಪಿಸಿದ ನಲಿಕಲಿ ಕ್ರಮದಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ, ತಮ್ಮ ಹಂತದ ಕಾರ್ಡನ್ನು ತಾವೇ ತೆಗೆದುಕೊಳ್ಳುತ್ತಾರೆ, ಗೋಡೆಯ ಕೆಳಭಾಗದಲ್ಲಿ ತಮ್ಮ ಎತ್ತರಕ್ಕಿರುವ ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಅವರು ಬರೆದ ಚಿತ್ರ, ಮಾಡಿದ ಕಾಗದದ ಆಕೃತಿಗಳು ತಲೆಯ ಮೇಲೆ ಕಟ್ಟಿದ ದಾರಗಳ ಚಪ್ಪರದಲ್ಲಿ ತೂಗುತ್ತವೆ. ಈ ಪ್ರತಿಯೊಂದು ಅಂಶವನ್ನೂ ಮನೆಗೆ ತರಬಹುದು. ಸ್ವಂತ ಮನೆಯಾದರೆ ನೆಲದಿಂದ ಮೂರು ಅಡಿಯವರೆಗಿನ ಗೋಡೆಯ ಒಂದು ತುಂಡಿಗೆ ಕಪ್ಪುಹಲಗೆಯ ಬಣ್ಣ ಬಳಿದರೆ ಸಾಕು. ಬಾಡಿಗೆ ಮನೆಯಾದರೆ ಅದೇ ಬಣ್ಣ ಬಳಿದ ಹಲಗೆಯೊಂದನ್ನು ಒರಗಿಸಿಡಬಹುದು. ಹಳೆಯ ಮನೆಗಳ ನುಣುಪಾದ ಕಾವಿ ನೆಲ ಸೀಮೆಸುಣ್ಣದಲ್ಲಿ ಬರೆದು ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ ಮಾಡಿಸಿದಂತಿದೆ. ಗೋಡೆಯಲ್ಲಿ ಗೂಡು ಅಥವಾ ಮಾಡ ಇದ್ದರೆ ಅದನ್ನು ಮಗುವಿಗೆ ಬಿಟ್ಟುಕೊಡಬೇಕು. ನಾಗಂದಿಗೆಯ ಮೇಲೆ ಕಟ್ಟಿಟ್ಟ ಬಣ್ಣದ ಪೆನ್ಸಿಲ್ಲನ್ನು ಪ್ರತಿ ಸಲ ದೊಡ್ಡವರು ಇಳಿಸಿಕೊಡಬೇಕಾದರೆ ಅದು ಮಗುವಿನದಾಗಿ ಉಳಿಯುವುದಿಲ್ಲ.

ಗೋಡೆಯನ್ನು ತುಂಬಿಸುವ ಉತ್ಸಾಹಕ್ಕೆ ಮಾತ್ರ ಮಿತಿ ಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಮಂದಿ ಪುಟ್ಟ ಮಕ್ಕಳಿಗೆ ಒಂದಷ್ಟು ಪಾಠಗಳನ್ನು ಚಿತ್ರಪಟಗಳಿಂದ ತುಂಬಿದ ಕೋಣೆಯಲ್ಲಿಯೂ ಇನ್ನೊಂದಷ್ಟನ್ನು ಬರಿಗೋಡೆಯ ಕೋಣೆಯಲ್ಲಿಯೂ ಹೇಳಿಕೊಟ್ಟರು. ಪಾಠದಿಂದ ಗಮನ ತಪ್ಪಿದ ಸಮಯ ಬರಿಗೋಡೆಯ ಕೋಣೆಯಲ್ಲಿ ಸುಮಾರು ಶೇ 28 ಇದ್ದರೆ ತುಂಬಿದ ಕೋಣೆಯಲ್ಲಿ ಸುಮಾರು ಶೇ 39 ಇತ್ತು, ಸರಿಯುತ್ತರಗಳ ಪ್ರಮಾಣ ಶೇ 55ರಿಂದ ಶೇ 42ಕ್ಕೆ ಇಳಿದಿತ್ತು. ಅಧ್ಯಯನ ಚಿಕ್ಕದಾದರೂ ಅದರ ಸೂಚನೆ ಸ್ಪಷ್ಟ: ಮಗು ಕೂತು ಕೆಲಸ ಮಾಡುವಾಗ ಕಣ್ಣೆದುರಿನ ಗೋಡೆ ಆದಷ್ಟು ಖಾಲಿಯಾಗಿರಬೇಕು. ವರ್ಣಮಾಲೆ, ಮಗ್ಗಿ, ಭೂಪಟಗಳನ್ನು ಪಕ್ಕದ ಅಥವಾ ಹಿಂದಿನ ಗೋಡೆಗೆ ಹಾಕಿ, ಬೇಕಾದ ಒಂದನ್ನು ಮಾತ್ರ ಬೇಕಾದಾಗ ಮುಂದೆ ತರುವುದು ಉತ್ತಮ.

ಪುಸ್ತಕ ಮತ್ತು ಕೈಕೆಲಸ

ಮನೆಯಲ್ಲಿ ಪುಸ್ತಕಗಳಿರುವುದಕ್ಕೂ ಮಕ್ಕಳ ಓದು ಮುಂದುವರಿಯುವುದಕ್ಕೂ ಇರುವ ನಂಟನ್ನು 27 ದೇಶಗಳ ಮಾಹಿತಿಯಿಂದ ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಂದೆ ತಾಯಿಯರ ವಿದ್ಯಾಭ್ಯಾಸ ಮತ್ತು ಉದ್ಯೋಗದ ಪ್ರಭಾವವನ್ನು ಬದಿಗಿಟ್ಟು ನೋಡಿದಾಗಲೂ, ಐನೂರು ಪುಸ್ತಕಗಳಿರುವ ಮನೆಯ ಮಕ್ಕಳು ಪುಸ್ತಕವಿಲ್ಲದ ಮನೆಯ ಮಕ್ಕಳಿಗಿಂತ ಸರಾಸರಿ ಮೂರು ವರ್ಷಕ್ಕೂ ಹೆಚ್ಚು ಶಿಕ್ಷಣ ಪಡೆದಿರುವುದನ್ನು ಗುರುತಿಸಿತು. ಹೆಚ್ಚು ಓದದ ತಂದೆ ತಾಯಿಯರ ಮನೆಗಳಲ್ಲಿ ಮೊದಲ ಕೆಲವು ಪುಸ್ತಕಗಳಿಂದಲೇ ಹೆಚ್ಚಿನ ಪ್ರಯೋಜನ ಕಂಡುಬಂದದ್ದು ಈ ಅಧ್ಯಯನದ ಆಶಾದಾಯಕ ಅಂಶ. ಪುಸ್ತಕವನ್ನು ಇಟ್ಟ ಮಾತ್ರಕ್ಕೆ ಮಗು ಕಲಿಯುವುದಿಲ್ಲ. ಪುಸ್ತಕವಿರುವ ಮನೆಯಲ್ಲಿ ಅದನ್ನು ಕುರಿತ ಮಾತು, ಕುತೂಹಲ, ಓದಿ ಹೇಳುವ ರೂಢಿ ಬೆಳೆಯುತ್ತವೆ.

ಕನ್ನಡದಲ್ಲಿ ಇದಕ್ಕೆ ಬೇಕಾದ ಸರಕು ಸುಲಭ ಬೆಲೆಗೆ ಸಿಗುತ್ತದೆ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ದಿಂದ, ನಿರಂಜನರ ಸಂಪಾದಕತ್ವದಲ್ಲಿ ಬಂದ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶದ ಏಳು ಸಂಪುಟಗಳವರೆಗೆ ಮಕ್ಕಳಿಗಾಗಿ ದೊಡ್ಡ ಮಟ್ಟದಲ್ಲಿ ದುಡಿದವರ ಪರಂಪರೆಯೇ ಇಲ್ಲಿದೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಮೊದಲಾದ ಪ್ರಕಾಶನಗಳ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಯವು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆಯ ಹಳೆಯ ಸಂಚಿಕೆಗಳೂ ಉಪಯುಕ್ತ. ಹಳೆಯ ಸೀರೆಯಲ್ಲಿ ಉದ್ದಕ್ಕೆ ಜೇಬುಗಳನ್ನು ಹೊಲಿದು ಗೋಡೆಗೆ ತೂಗುಹಾಕಿ, ಮುಖಪುಟ ಕಾಣುವಂತೆ ಪುಸ್ತಕಗಳನ್ನು ಇಟ್ಟರೆ, ಬೆನ್ನಿನ ಮೇಲಿನ ಸಣ್ಣಕ್ಷರವನ್ನು ಇನ್ನೂ ಓದಲಾರದ ಮಗುವೂ ಚಿತ್ರ ನೋಡಿ ಆರಿಸಿಕೊಳ್ಳುತ್ತದೆ.

ಗಣಿತ ವಿಜ್ಞಾನಗಳ ಸಾಮಗ್ರಿ ಅಡುಗೆಮನೆಯಲ್ಲೇ ಇದೆ. ಹುಣಸೆ ಬೀಜಗಳು ಎಣಿಕೆಗೆ, ಹತ್ತು ಹತ್ತಾಗಿ ರಬ್ಬರ್ ಬ್ಯಾಂಡ್ ಹಾಕಿದ ಪೊರಕೆ ಕಡ್ಡಿಗಳ ಕಟ್ಟುಗಳು ಬಿಡಿ ಹತ್ತರ ಸ್ಥಾನಬೆಲೆಗೆ, ಸೇರು ಪಾವುಗಳೂ ಲೀಟರಿನ ಅಳತೆಗಳೂ ಭಿನ್ನರಾಶಿಗೆ, ಚೌಕಾಬಾರ ಮತ್ತು ಅಳಗುಳಿಮಣೆ ಮನಗಣಿತಕ್ಕೆ ನೆರವಾಗುತ್ತವೆ. ಕಸದಿಂದ ಆಟಿಕೆ ಮಾಡುವ ಕಲೆಯನ್ನು ಬದುಕಿನ ಕೆಲಸವಾಗಿಸಿಕೊಂಡು 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ ರೂಪಿಸಿದ ಪ್ರಯೋಗ ಇದಕ್ಕೆ ಉತ್ತಮ ನಿದರ್ಶನ. ಮದ್ದನ್ನು ಕೆರೆದು ತೆಗೆದ ಮೂರು ಕಡ್ಡಿಗಳ ತುದಿಗಳನ್ನು ವಾಲ್ವ್ ಟ್ಯೂಬಿನ ಚಿಕ್ಕ ತುಂಡುಗಳಿಗೆ ತೂರಿಸಿ ತ್ರಿಕೋನ ಮಾಡಿ ಒತ್ತಿದರೆ ಅದು ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಗಳ ಚೌಕವನ್ನು ಒತ್ತಿದರೆ ಅದು ವಾಲಿ ವಜ್ರಾಕೃತಿಯಾಗುತ್ತದೆ. ಚೌಕದ ಎದುರು ಮೂಲೆಗಳ ನಡುವೆ ಅಳತೆಗೆ ತಕ್ಕ ಇನ್ನೊಂದು ಕಡ್ಡಿ ಸೇರಿಸಿದರೆ ಅದೂ ಎರಡು ತ್ರಿಕೋನಗಳಾಗಿ ಗಟ್ಟಿಯಾಗುತ್ತದೆ. ಹೆಂಚಿನ ಮಾಡಿನ ಕೆಳಗೆ ಮರಗಳನ್ನು ತ್ರಿಕೋನಾಕಾರದಲ್ಲಿ ಏಕೆ ಜೋಡಿಸಿದ್ದಾರೆಂಬುದು ಆ ಮಗುವಿಗೆ ತನ್ನ ಬೆರಳುಗಳಿಂದಲೇ ತಿಳಿಯುತ್ತದೆ.

ಗದ್ದಲಕ್ಕೆ ಬೇಲಿ

ಬೆಳಕು, ಆಸನ, ಸಾಮಗ್ರಿ ಎಲ್ಲ ಒದಗಿಸಿಯೂ ಪಕ್ಕದಲ್ಲಿ ಟಿವಿ ಧಾರಾವಾಹಿ ಓಡುತ್ತಿದ್ದರೆ ಆ ಮೂಲೆ ನಿಷ್ಪ್ರಯೋಜಕ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ರೈಲು ಮೇಲ್ಸೇತುವೆಯ ಪಕ್ಕದಲ್ಲಿದ್ದ ಶಾಲೆಯೊಂದನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಆರ್ಲಿನ್ ಬ್ರಾನ್‌ಜಾಫ್ಟ್ ಅವರು 1975ರಲ್ಲಿ, ರೈಲಿನ ಕಡೆಯ ಕೊಠಡಿಗಳ ಮಕ್ಕಳು ಅದೇ ಶಾಲೆಯ ಸದ್ದಿಲ್ಲದ ಬದಿಯ ಮಕ್ಕಳಿಗಿಂತ ಓದುವ ಸಾಮರ್ಥ್ಯದಲ್ಲಿ ಹಿಂದುಳಿದಿರುವುದನ್ನು, ಮೇಲಿನ ತರಗತಿಯಲ್ಲಿ ಈ ಅಂತರ ಸುಮಾರು ಒಂದು ವರ್ಷದಷ್ಟಿರುವುದನ್ನು ತೋರಿಸಿದರು. ಹಳಿಗಳಿಗೆ ರಬ್ಬರ್ ಮೆತ್ತೆ, ಕೊಠಡಿಗಳಿಗೆ ಸದ್ದು ಹೀರುವ ಹೊದಿಕೆ ಹಾಕಿದ ಮೇಲೆ 1981ರ ಅಧ್ಯಯನದಲ್ಲಿ ಆ ಅಂತರ ಕಾಣಲಿಲ್ಲ.

ಮನೆಯ ಗದ್ದಲಕ್ಕೆ ಇಂಥ ಖರ್ಚೂ ಬೇಕಿಲ್ಲ, ಒಪ್ಪಂದವೊಂದು ಸಾಕು. ಬೆಳಗಾವಿಗೆ ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಸಂಜೆ ಏಳು ಗಂಟೆಗೆ ಸೈರನ್ ಮೊಳಗಿಸಿ ಒಂದೂವರೆ ಗಂಟೆ ಕಾಲ ಟಿವಿ ಮೊಬೈಲ್‌ಗಳನ್ನು ಬಂದ್ ಮಾಡುವ ನಿರ್ಧಾರ ತೆಗೆದುಕೊಂಡಿತು. ಬೆಳಗಾವಿ ತಾಲ್ಲೂಕಿನ ಹಲಗಾ ಗ್ರಾಮವೂ ಮುಂದೆ ಇದೇ ದಾರಿ ಹಿಡಿಯಿತು. ಊರಿಗೆ ಊರೇ ಒಪ್ಪಿಕೊಳ್ಳಬಹುದಾದ ಕಟ್ಟಳೆಯನ್ನು ಒಂದು ಮನೆ ಒಪ್ಪಿಕೊಳ್ಳಲಾರದು ಎನ್ನಲು ಕಾರಣವಿಲ್ಲ. ಆ ಹೊತ್ತಿನಲ್ಲಿ ಮೊಬೈಲ್ ಬೇಕಾದ ಪಾಠವಿದ್ದರೆ ಅದನ್ನು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿಟ್ಟು ನೋಡಿ, ಮುಗಿದ ಕೂಡಲೇ ಆ ಮೂಲೆಯಿಂದ ಹೊರಗೆ ಒಯ್ಯಬೇಕು.

ಈ ಒಪ್ಪಂದದಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೆಂಬುದನ್ನು ಪ್ರತಿ ಮನೆಯೂ ತನ್ನನ್ನು ಕೇಳಿಕೊಳ್ಳಬೇಕು. ಗಂಡುಹುಡುಗ ಓದುತ್ತಿದ್ದರೆ ಅವನನ್ನು ಎಬ್ಬಿಸಬೇಡಿ ಎನ್ನುವ ಮನೆಯಲ್ಲೇ, ಓದುತ್ತಾ ಕೂತ ಹುಡುಗಿಯನ್ನು ನೀರು ತುಂಬಿಸಲು, ತಮ್ಮನನ್ನು ಆಡಿಸಲು, ರೊಟ್ಟಿಗೆ ಹಿಟ್ಟು ನಾದಲು ಕರೆಯುವುದು ಯಾರಿಗೂ ತಪ್ಪೆನಿಸುವುದಿಲ್ಲ. ಮೂಲೆ ಇಬ್ಬರಿಗೂ ಒಂದೇ ಆಗಿದ್ದು ಹೊತ್ತು ಮಾತ್ರ ಒಬ್ಬರಿಗೇ ಮೀಸಲಾದರೆ ಅದು ಅನ್ಯಾಯ. ನಿಗದಿಯಾದ ಗಂಟೆಯಲ್ಲಿ ಮನೆಗೆಲಸಕ್ಕೆ ಯಾವ ಮಗುವನ್ನೂ ಕರೆಯಬಾರದೆಂಬುದು ಕಟ್ಟಳೆಯ ಮೊದಲ ಸಾಲಾಗಬೇಕು.

ಐದನೆಯ ಸಂಗತಿಯಾದ ಹಿರಿಯರ ಗಮನಕ್ಕೆ ಹಿರಿಯರು ಓದಿದವರೇ ಆಗಿರಬೇಕೆಂದಿಲ್ಲ. ಮಗು ಒಂಟಿಯಾಗಿ ಮಾಡಲಾರದ ಆದರೆ ಸ್ವಲ್ಪ ಆಸರೆ ಸಿಕ್ಕರೆ ಮಾಡಬಲ್ಲ ಕೆಲಸಗಳ ವ್ಯಾಪ್ತಿಯನ್ನು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಸಮೀಪ ವಿಕಾಸದ ವಲಯವೆಂದು ಕರೆದು, ನಿಜವಾದ ಕಲಿಕೆ ನಡೆಯುವುದು ಅಲ್ಲೇ ಎಂದು ವಾದಿಸಿದರು. ಅಕ್ಕ ಅಣ್ಣಂದಿರೂ ಆ ಆಸರೆಯಾಗಬಲ್ಲರು. ಅಕ್ಷರ ಬಾರದ ತಾಯಿ ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತು, ಇವತ್ತಿನ ಪಾಠದಲ್ಲಿ ಏನಿತ್ತೆಂದು ಕೇಳಿ, ಮಗು ಹೇಳಿದ್ದು ಅರ್ಥವಾಗದಿದ್ದಾಗ ಮತ್ತೊಮ್ಮೆ ಬಿಡಿಸಿ ಹೇಳಲು ಕೇಳಿದರೆ, ಮಗು ತಾನು ಕಲಿತದ್ದನ್ನು ತನ್ನ ಮಾತಿಗೆ ತಂದುಕೊಳ್ಳುತ್ತದೆ. ಕಲಿತದ್ದು ಗಟ್ಟಿಯಾಗಲು ಇದಕ್ಕಿಂತ ಒಳ್ಳೆಯ ಉಪಾಯ ಅಪರೂಪ.

ಜಗಲಿ ಮತ್ತು ಊರಿನ ಗ್ರಂಥಾಲಯ

ಮೂಲೆ ಎಷ್ಟೇ ಚೆನ್ನಾಗಿದ್ದರೂ ಮಗುವನ್ನು ದಿನವಿಡೀ ಅದರಲ್ಲೇ ಕಟ್ಟಿಹಾಕಬಾರದು. ಚೀನಾದ ಗ್ವಾಂಗ್‌ಜೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವಂತೆ ಮಾಡಿದಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ, ಅಂದರೆ ದೂರದ ವಸ್ತು ಮಸುಕಾಗಿ ಕಾಣುವ ದೋಷ ಉಂಟಾದವರ ಪ್ರಮಾಣ ಉಳಿದ ಶಾಲೆಗಳಲ್ಲಿ ಶೇ 39.5 ಇದ್ದರೆ ಈ ಶಾಲೆಗಳಲ್ಲಿ ಶೇ 30.4 ಇತ್ತು. ಬಯಲಿನ ಆಟವೂ, ಹಗಲಿನಲ್ಲಿ ಜಗಲಿ ಕಟ್ಟೆಯ ಮೇಲಿನ ಓದೂ ಕಲಿಕೆಯ ಜಾಗದ ಭಾಗವೇ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ರಾಜ್ಯದಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಮರದಡಿ, ದೇವಸ್ಥಾನದ ಪ್ರಾಂಗಣ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದು ಇದೇ ಮಾತನ್ನು ಸಾರಿತು.

ಎಷ್ಟೇ ಹೊಂದಿಸಿದರೂ ಮೂಲೆಗೆ ಜಾಗವೇ ಒದಗದ ಮನೆಗಳಿವೆ: ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡು, ಕಬ್ಬು ಕಡಿಯಲು ವಲಸೆ ಬಂದವರ ಗುಡಿಸಲು ಇಂಥವು. ಅಂಥ ಮನೆಗಳ ಮಕ್ಕಳಿಗೆ ಕಲಿಕೆಯ ಜಾಗ ಒದಗಿಸುವುದು ಊರಿನ ಹೊಣೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಬಲಪಡಿಸಿ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟದ್ದು ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ. ಆ ಕೇಂದ್ರಗಳು ಶಾಲೆ ಬಿಟ್ಟ ಮೇಲಿನ ಸಂಜೆಯ ಹೊತ್ತಿನಲ್ಲಿ ತೆರೆದಿರುವಂತೆ, ಹುಡುಗಿಯರು ನಿರ್ಭಯವಾಗಿ ಹೋಗಿ ಬರುವಂತೆ ನೋಡಿಕೊಳ್ಳುವ ಕೆಲಸ ಪಂಚಾಯಿತಿಯದೂ ಪಾಲಕರದೂ ಆಗಿದೆ.

ಖರ್ಚಿನ ಕ್ರಮ

ಕೈಯಲ್ಲಿರುವ ಹಣ ಅಲ್ಪವಾಗಿದ್ದಾಗ ಅದನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದೇ ಮುಖ್ಯವಾಗುತ್ತದೆ. ಮೊದಲ ಖರ್ಚು ಬೆಳಕಿನದು, ಅದರ ಜೊತೆಗೆ ತಂತಿ ಸ್ವಿಚ್ಚುಗಳ ಸುರಕ್ಷತೆಯದು. ಎರಡನೆಯದು ಪುಸ್ತಕಗಳದು, ತಿಂಗಳಿಗೆ ಒಂದಾದರೂ ಸರಿ. ಮೂರನೆಯದು ಸ್ಲೇಟು, ಸೀಮೆಸುಣ್ಣ, ಕಾಗದ, ಬಣ್ಣಗಳಂತಹ ಬಳಸಿ ಮುಗಿಯುವ ಸಾಮಗ್ರಿಯದು. ಪೀಠೋಪಕರಣಗಳ ಸರದಿ ಕೊನೆಯದು. ಮಾರುಕಟ್ಟೆ ಹೇಳುವ ಕ್ರಮ ಇದಕ್ಕೆ ಸರಿಯಾಗಿ ತಿರುಗುಮುರುಗಾಗಿದೆ, ಮೊದಲು ಮೇಜು ಕೊಂಡು ಕೊನೆಗೆ ಪುಸ್ತಕಕ್ಕೆ ಹಣ ಸಾಲದ ಮನೆಗಳು ಹೆಚ್ಚಾಗಿರುವುದು ಆ ಕಾರಣಕ್ಕೆ.

ವಯಸ್ಸಿಗೆ ತಕ್ಕಂತೆ ಮೂಲೆಯ ರೂಪ ಬದಲಾಗುತ್ತದೆ: ಆರು ವರ್ಷದೊಳಗಿನ ಮಗುವಿಗೆ ನೆಲ, ಮರಳಿನ ತಟ್ಟೆ, ಚಿತ್ರಪುಸ್ತಕ ಮತ್ತು ದೊಡ್ಡವರ ಸಾಮೀಪ್ಯ ಬೇಕು, ಪ್ರಾಥಮಿಕ ಶಾಲೆಯ ಮಗುವಿಗೆ ಡೆಸ್ಕು, ದೀಪ, ಎಣಿಕೆಯ ಸಾಮಗ್ರಿ ಬೇಕು, ಪ್ರೌಢಶಾಲೆಗೆ ಬಂದವರಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಯಾರೂ ಕದಲಿಸದ ಹೊತ್ತು ಮತ್ತು ತಮ್ಮ ಪುಸ್ತಕಗಳನ್ನು ಯಾರೂ ಎತ್ತಿಡದಂತಹ ಜಾಗ ಬೇಕು. ಪ್ರತಿ ಹಂತದಲ್ಲಿಯೂ ಮೂಲೆಯನ್ನು ಹೇಗೆ ಜೋಡಿಸಬೇಕೆಂದು ಮಗುವನ್ನೇ ಕೇಳುವುದು, ಒಪ್ಪವಾಗಿ ಇಡುವ ಹೊಣೆಯನ್ನು ಅದಕ್ಕೇ ವಹಿಸುವುದು ಆ ಜಾಗದ ಮೇಲಿನ ಮಮತೆಯನ್ನು ಬೆಳೆಸುತ್ತದೆ. ಈ ಮಮತೆ ಬೆಳೆಯಲು ಬೇಕಾದ ನಾಲ್ಕು ಅಡಿ ನೆಲ, ಒಂದು ದೀಪ ಮತ್ತು ಸಂಜೆಯ ಒಂದು ಗಂಟೆಯನ್ನು ಬಿಟ್ಟುಕೊಡಬಲ್ಲ ಮನೆಗಳು ನಾಡಿನಲ್ಲಿ ಲಕ್ಷಾಂತರ ಇವೆ. ಬಿಟ್ಟುಕೊಡಲಾಗದ ಮನೆಗಳ ಮಕ್ಕಳಿಗೆ ಊರಿನ ಗ್ರಂಥಾಲಯ ಅದನ್ನು ಒದಗಿಸಬಲ್ಲದು. ಈ ಎರಡೂ ಕೆಲಸಗಳು ದೊಡ್ಡ ಅನುದಾನಕ್ಕಾಗಿ ಕಾಯಬೇಕಾದವಲ್ಲ, ಮನೆಯೊಳಗೂ ಪಂಚಾಯಿತಿಯೊಳಗೂ ಹಿರಿಯರು ಒಮ್ಮೆ ಕೂತು ಮಾತಾಡಿ ತೀರ್ಮಾನಿಸಿದರೆ ಇದೇ ವಾರ ಆರಂಭವಾಗಬಹುದಾದವು.